ಗೆಳೆಯರು ಪ್ರೇಮಿಗಳಾಗುವ ಕಥೆ ಹೇಗೆ ಮುಗಿಯಬೇಕು? ನಮ್ಮ ನಾಟಕದ ಕೊನೆಯ ಎಂಟು ನಿಮಿಷ

ಕೌಲ್‌ಬಜಾರ್ ಹುಡುಗಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಾವು ಹತ್ತು ಜನ ಸೇರಿ ಒಂದು ನಾಟಕ ಕಟ್ಟುತ್ತಿದ್ದೇವೆ. ಒಂದೂಕಾಲು ಗಂಟೆಯದು. ನಗಿಸುವ ನಾಟಕ, ಪ್ರೀತಿಯ ನಾಟಕ. ಬರೆಯುತ್ತಿರುವುದು ನಾನು. ಕೊನೆಯ ದೃಶ್ಯ ಬಿಟ್ಟು ಉಳಿದದ್ದೆಲ್ಲ ಆಗಿದೆ. ಆ ಕೊನೆಯ ಎಂಟು ನಿಮಿಷ ಮೂರು ವಾರದಿಂದ ನನ್ನ ನಿದ್ದೆ ಕೆಡಿಸಿದೆ.

ಕಥೆ ಇಷ್ಟು. ಹುಡುಗಿ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕಟಿಂಗ್ ಕೆಲಸ ಮಾಡುತ್ತಾಳೆ. ಹುಡುಗ ಕೋರ್ಟ್ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಪಿಯುಸಿಯಿಂದ ಗೆಳೆಯರು. ದಿನಾ ಸಂಜೆ ಆರೂವರೆಗೆ ಒಂದೇ ಬಂಡಿಯ ಮುಂದೆ ನಿಂತು ಒಗ್ಗರಣೆ ಮಿರ್ಚಿ ತಿನ್ನುತ್ತಾರೆ. ಮಿರ್ಚಿಯ ತುದಿ ಅವಳಿಗೆ ಬೇಡ, ಮುರಿದು ಅವನ ಪೇಪರ್ ಮೇಲೆ ಇಡುತ್ತಾಳೆ. ಮನೆಯಲ್ಲಿ ಅವಳಿಗೆ ಗಂಡು ನೋಡುತ್ತಿದ್ದಾರೆ. ಅವಳ ಬಯೋಡೇಟಾ ಟೈಪ್ ಮಾಡಿ ಪ್ರಿಂಟ್ ತೆಗೆದು ಕೊಡುವವನು ಇವನೇ. ಬಂದ ಗಂಡುಗಳ ಬಯೋಡೇಟಾ ಓದಿ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಾರೆ. ನಾಟಕದ ಅರ್ಧ ನಗು ಆ ಅಂಗಡಿಯಲ್ಲೇ ಇದೆ. ಮೂರನೇ ಸಲ ಅವಳ ಬಯೋಡೇಟಾ ಪ್ರಿಂಟ್ ಕೊಡುವಾಗ ಅವನ ಕೈ ಕೀಬೋರ್ಡ್ ಮೇಲೆ ನಿಂತುಬಿಡುತ್ತದೆ. ಅಷ್ಟೇ. ಮಾತಿಲ್ಲ.

ಆಮೇಲೆ ಹೊಸಪೇಟೆಯಿಂದ ಒಂದು ಸಂಬಂಧ ಬರುತ್ತದೆ. ಆ ಹುಡುಗ ನಿಜಕ್ಕೂ ಒಳ್ಳೆಯವನು. ಅವನನ್ನು ಕೆಟ್ಟವನಾಗಿ ಮಾಡಿ ದಾರಿ ಸುಲಭ ಮಾಡಿಕೊಳ್ಳುವುದು ನನಗೆ ಇಷ್ಟವಿಲ್ಲ.

ಮೊದಲು ಬರೆದ ಕೊನೆ ಹೀಗಿತ್ತು. ಅವಳು ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ಗೆ ಬೆಂಗಳೂರಿಗೆ ಹೊರಟಿದ್ದಾಳೆ. ಇವನು ಸ್ಟೇಷನ್‌ಗೆ ಓಡಿ ಬಂದು ಪ್ಲಾಟ್‌ಫಾರ್ಮ್ ಮೇಲೆ ಎಲ್ಲರ ಮುಂದೆ ಹೇಳಿಬಿಡುತ್ತಾನೆ. ಪರದೆ. ರಿಹರ್ಸಲ್‌ನಲ್ಲಿ ಮಾಡಿ ನೋಡಿದೆವು. ಸಪ್ಪೆಯಾಗಿತ್ತು. ಪಾತ್ರ ಮಾಡುವ ಹುಡುಗ ಏದುಸಿರು ಬಿಡುತ್ತಾ ನಿಂತು, "ಅಕ್ಕಾ, ಇವನು ಓಡುವವನಲ್ಲ" ಅಂದ. ಅವನು ಹೇಳಿದ್ದು ಸರಿ. ನಾಟಕಪೂರ್ತಿ ಕುರ್ಚಿಯಲ್ಲಿ ಕೂತು ಬೇರೆಯವರ ಕಾಗದ ಅಚ್ಚು ಹಾಕಿದವನು, ಕೊನೆಗೆ ಯಾವುದೋ ಸಿನಿಮಾದ ಕಾಲು ಕಡ ತಂದು ಓಡುತ್ತಿದ್ದ.

ಹೋದ ಶನಿವಾರ ಗೆಳತಿಯ ಮನೆ ಮಾಳಿಗೆ ಮೇಲೆ ಬೆಡ್‌ಶೀಟ್ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ತಂದು, 1989ರ 'ವೆನ್ ಹ್ಯಾರಿ ಮೆಟ್ ಸ್ಯಾಲಿ' ಹಾಕಿದೆವು. ಗೆಳೆಯರು ಪ್ರೇಮಿಗಳಾಗುವ ಕಥೆ ಅಂದರೆ ಎಲ್ಲರೂ ಆ ಸಿನಿಮಾವನ್ನೇ ತೋರಿಸುತ್ತಾರಲ್ಲ. ಮುಗಿದಾಗ ರಾತ್ರಿ ಹನ್ನೊಂದೂವರೆ. ಒಂದೂವರೆವರೆಗೆ ಜಗಳ. ಅರ್ಧ ಜನ ಕಣ್ಣೊರೆಸಿಕೊಂಡರು. ಅರ್ಧ ಜನ "ಗೆಳೆಯರಾಗೇ ಉಳೀಬೇಕಿತ್ತು, ಸುಮ್ನೆ ಜೋಡಿ ಮಾಡಿದ್ರು" ಅಂದರು. ಅಲ್ಲೂ ಕೊನೆಗೆ ಹುಡುಗ ಓಡುತ್ತಾನೆ. ಅಲ್ಲಿ ಒಪ್ಪುತ್ತದೆ, ನಮ್ಮಲ್ಲಿ ಒಪ್ಪುತ್ತಿಲ್ಲ. ಯಾಕೆ? ಗೊತ್ತಿದ್ದವರು ಹೇಳಿ.

ತೋರಣಗಲ್ಲು ರಾತ್ರಿಪಾಳಿ

ಓಟ ತೆಗೆದುಬಿಡಿ. ಈಗ ಯಾರೂ ಸ್ಟೇಷನ್‌ಗೆ ಓಡುವುದಿಲ್ಲ. ಅವಳು ಹೊರಟಿದ್ದಾಳೆ ಅಂತ ಗೊತ್ತಾದ ಕೂಡಲೇ ಹುಡುಗ ಫೋನ್ ಮಾಡುತ್ತಾನೆ. ಎತ್ತದಿದ್ದರೆ ಮೆಸೇಜ್ ಹಾಕುತ್ತಾನೆ. ಆಮೇಲೆ ನೀಲಿ ಗೆರೆ ಬಂತಾ ಅಂತ ನಿಮಿಷಕ್ಕೊಮ್ಮೆ ನೋಡುತ್ತಾನೆ. ಪಾಳಿ ಮುಗಿಯುವವರೆಗೆ ಫೋನ್ ಲಾಕರ್‌ನಲ್ಲಿಟ್ಟು ಕೆಲಸ ಮಾಡಿದವನಿಗೆ ಗೊತ್ತು, ಆ ಕಾಯುವುದರಲ್ಲಿ ಎಷ್ಟು ಓಟ ಇರುತ್ತದೆ ಅಂತ. ಆ ಸಿನಿಮಾದ ಕಾಲದಲ್ಲಿ ಅವನು ಅವಳ ಮನೆ ಫೋನಿನ ಯಂತ್ರದಲ್ಲಿ ಮಾತು ಬಿಟ್ಟು ಬಿಟ್ಟು ಸಾಕಾಗಿದ್ದ. ಅವನಿಗೆ ಉಳಿದದ್ದು ಕಾಲು ಮಾತ್ರ. ಅದಕ್ಕೇ ಅಲ್ಲಿ ಓಟ ಒಪ್ಪುತ್ತದೆ.

ಹಳೆ ಮೇಷ್ಟ್ರು, ಸಿರುಗುಪ್ಪ

ತಂಗೀ, ಓಟ ನೋಡಬೇಡ. ಓಟ ಮುಗಿದ ಮೇಲಿನ ಎರಡು ನಿಮಿಷ ನೋಡು.

ಅವನು ಏದುಸಿರು ಬಿಡುತ್ತಾ ಬಂದು ಪ್ರೀತಿಸುತ್ತೇನೆ ಅಂದಾಗ ಅವಳು ಒಪ್ಪುವುದಿಲ್ಲ. ಹೊಸ ವರ್ಷದ ರಾತ್ರಿ, ಒಂಟಿ ಅನ್ನಿಸಿದೆ, ಅದಕ್ಕೇ ಬಂದಿದ್ದೀಯ ಅಂತ ತಿರುಗಿ ಹೊರಡುತ್ತಾಳೆ. ಅಲ್ಲಿಗೆ ಓಟದ ಬೆಲೆ ಮುಗಿಯಿತು. ಆಮೇಲೆ ಅವನು ಅವಳ ಸಣ್ಣಪುಟ್ಟ ಅಭ್ಯಾಸಗಳನ್ನು ಒಂದೊಂದಾಗಿ ಹೇಳುತ್ತಾನೆ. ಒಂದು ಸ್ಯಾಂಡ್‌ವಿಚ್ ಹೇಳೋಕೆ ಗಂಟೆಗಟ್ಟಲೆ ತೆಗೆದುಕೊಳ್ಳುವುದು, ಯಾರಿಗೂ ಚಳಿಯಿಲ್ಲದಾಗ ಇವಳಿಗೆ ಚಳಿಯಾಗುವುದು, ಅವನನ್ನು ಹುಚ್ಚನ ಹಾಗೆ ನೋಡುವಾಗ ಮೂಗಿನ ಮೇಲೆ ಮೂಡುವ ಗೆರೆ. ಹೋಟೆಲಿನಲ್ಲಿ ಅವಳ ಉದ್ದುದ್ದ ಆರ್ಡರ್ ಕೇಳಿ ಅವನು ಬೆಕ್ಕಸ ಬೆರಗಾಗಿ ಕೂತದ್ದನ್ನು ನಾವು ಮೊದಲೇ ನೋಡಿ ನಕ್ಕಿರುತ್ತೇವೆ. ಆ ನಗುವಿನ ಸರಕನ್ನೇ ತಂದು ಕೊನೆಗೆ ಪ್ರೀತಿಯ ಸಾಕ್ಷಿಯಾಗಿ ಇಡುತ್ತಾರೆ. ಹೊಸದೊಂದು ಸಾಮಾನು ಕೊನೆಯ ದೃಶ್ಯಕ್ಕೆ ಅಂತ ಅಂಗಡಿಯಿಂದ ತಂದಿಲ್ಲ. ಎಲ್ಲ ಮನೆಯಲ್ಲೇ ಇದ್ದದ್ದು.

ಇನ್ನೊಂದು ವಿಷಯ. ಆ ಸಿನಿಮಾ ಶುರುವಾಗುವುದೇ ಸೋಫಾ ಮೇಲೆ ಕೂತ ವಯಸ್ಸಾದ ಗಂಡ ಹೆಂಡತಿಯಿಂದ. ನಾವು ಹೇಗೆ ಸಿಕ್ಕಿದೆವು ಅಂತ ಹೇಳುತ್ತಾರೆ. ನಡುನಡುವೆ ಬೇರೆ ಬೇರೆ ಜೋಡಿಗಳು ಬರುತ್ತವೆ. ಕೊನೆಗೆ ನಮ್ಮ ಇಬ್ಬರೂ ಅದೇ ರೀತಿ ಕೂತು ತಮ್ಮ ಮದುವೆಯ ಕೇಕ್ ಬಗ್ಗೆ ಮಾತಾಡುತ್ತಾರೆ. ಚಾಕಲೇಟ್ ಸಾಸ್ ಬೇರೆ ಬಟ್ಟಲಲ್ಲಿ ಇರಬೇಕು ಅಂತ ಅವಳು. ಅಂದರೆ ಮದುವೆಯಾದ ಮೇಲೂ ಅವಳು ಅವಳೇ. ಒಂದಾಗುತ್ತಾರೆ ಅನ್ನುವುದನ್ನು ಆ ಸಿನಿಮಾ ಮೊದಲ ನಿಮಿಷದಲ್ಲೇ ಹೇಳಿಬಿಟ್ಟಿದೆ. ಹನ್ನೆರಡು ವರ್ಷ ಹೇಗೆ ಹೋಯಿತು ಅನ್ನುವುದಷ್ಟೇ ಕಥೆ.

ಆದರೆ ಬರೆಯುವವರಿಗೂ ಇದು ಸುಲಭವಾಗಿ ಬರಲಿಲ್ಲ. ನೋರಾ ಎಫ್ರಾನ್ ಮೊದಲು ಬರೆದಾಗ ಇಬ್ಬರೂ ಒಂದಾಗುವುದಿರಲಿಲ್ಲ. ನಿರ್ದೇಶಕ ರಾಬ್ ರೈನರ್ ವಿಚ್ಛೇದನವಾಗಿ ವರ್ಷಗಟ್ಟಲೆ ಒಬ್ಬರೇ ಇದ್ದರು. ಚಿತ್ರೀಕರಣದ ಹೊತ್ತಿಗೆ, ಮುಂದೆ ಅವರ ಹೆಂಡತಿಯಾದವರ ಪರಿಚಯವಾಯಿತು. ಸಿನಿಮಾದ ಕೊನೆ ಬದಲಾಯಿತು.

ಮಾವಿನಕೆರೆ ದಂಡೆ, ರಾಯಚೂರು

ನನಗೆ ಈ ತರದ ಕೊನೆಗಳ ಮೇಲೆ ಸಿಟ್ಟಿದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಡಿಗ್ರಿಯಿಂದ ನನಗೊಬ್ಬ ಗೆಳೆಯ ಇದ್ದಾನೆ. ರಾಯಚೂರಿನಂಥ ಊರಲ್ಲಿ ಒಬ್ಬ ಹುಡುಗನ ಜೊತೆ ದಿನಾ ಚಹಾ ಕುಡಿಯುವುದು ಸುಮ್ಮನೆ ಸಿಗುವ ವಿಷಯ ಅಲ್ಲ. ಅಪ್ಪನಿಗೆ ಹೇಳಿದೆ. ಅಮ್ಮನಿಗೆ ನೂರು ಸಲ ಹೇಳಿದೆ. ಎದುರುಮನೆಯವರು ನನ್ನ ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದರು. ಬಸ್ ಸ್ಟ್ಯಾಂಡ್‌ನಲ್ಲಿ ನಿಂತರೆ ಯಾರಾದರೂ ಒಬ್ಬರು ತಿರುಗಿ ನೋಡೇ ನೋಡುತ್ತಾರೆ. ಎಂಟು ವರ್ಷ "ನಾವು ಗೆಳೆಯರು" ಅಂತ ಹೇಳಿ ಹೇಳಿ ಆ ಸ್ನೇಹ ಉಳಿಸಿಕೊಂಡೆ. ಈಗ ಅವನಿಗೆ ಮದುವೆಯಾಗಿದೆ. ಅವನ ಹೆಂಡತಿ ನನಗೆ ಅವನಿಗಿಂತ ಹತ್ತಿರ.

ಈಗ ನಿಮ್ಮ ನಾಟಕಕ್ಕೆ ಬನ್ನಿ. ಬಂಡಿ ಮುಂದೆ ದಿನಾ ನಿಲ್ಲುವ ಇಬ್ಬರು ಕೊನೆಗೆ ಪ್ರೇಮಿಗಳಾದರೆ ಗೆಲ್ಲುವುದು ಯಾರು? ತಿರುಗಿ ನೋಡಿದವರು. "ನಾವು ಅವತ್ತೇ ಹೇಳಿರಲಿಲ್ವಾ" ಅಂತ ನಮ್ಮ ಎದುರುಮನೆಯವರು ಸಭೆಯಲ್ಲಿ ಕೂತು ತಲೆಯಾಡಿಸುತ್ತಾರೆ. ನಾಳೆ ಒಬ್ಬ ಹುಡುಗಿ ಮನೆಯಲ್ಲಿ "ಅವನು ನನ್ನ ಫ್ರೆಂಡ್" ಅಂದರೆ ಅವಳ ಮಾತಿಗೆ ಇನ್ನೊಂದಿಷ್ಟು ಬೆಲೆ ಕಮ್ಮಿಯಾಗುತ್ತದೆ. "ಬರೀ ಫ್ರೆಂಡ್ಸ್" ಅಂತೀವಲ್ಲ, ಆ "ಬರೀ" ಯಾಕೆ ಬೇಕು ನಮಗೆ?

ಪ್ರೀತಿ ಬೇಡ ಅನ್ನುತ್ತಿಲ್ಲ. ಅವರಿಬ್ಬರಿಗೆ ಅದು ನಿಜವಾಗಿದ್ದರೆ ಆಗಲಿ. ಆದರೆ ನಾಟಕದಲ್ಲಿ ಇನ್ನೊಂದು ಗಂಡು ಹೆಣ್ಣಿನ ಸ್ನೇಹ ಇರಲಿ. ಅದು ಕೊನೆವರೆಗೂ ಸ್ನೇಹವಾಗೇ ಇರಲಿ, ಅದಕ್ಕೂ ಅಷ್ಟೇ ಮರ್ಯಾದೆ ಸಿಗಲಿ.

ಹೊಸಪೇಟೆ ಹುಡುಗನಿಗೆ ಬೇಡ ಅನ್ನುವುದು ಯಾರು, ಯಾವಾಗ? ಈ ಝೆರಾಕ್ಸ್ ಹುಡುಗ ಬಾಯಿ ಬಿಟ್ಟ ಮೇಲೆ ಅವಳು ಬೇಡ ಅಂದರೆ, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋದ ಹಾಗೆ. ಅವನು ಹೇಳುವುದಕ್ಕಿಂತ ಮುಂಚೆ, ಅವನ ಮನಸ್ಸು ಗೊತ್ತೇ ಇಲ್ಲದಿರುವಾಗ, ಅವಳು ತನ್ನ ಕಾರಣಕ್ಕೆ ತಾನೇ ಬೇಡ ಅನ್ನಲಿ.

ತೋರಣಗಲ್ಲು ರಾತ್ರಿಪಾಳಿ

ಇದನ್ನು ನಾನು ಯೋಚನೆ ಮಾಡಿರಲೇ ಇಲ್ಲ. ತಿರುಗಿ ನೋಡುವವರಲ್ಲಿ ನಾನೂ ಒಬ್ಬನಾಗಿದ್ದೆ ಒಂದು ಕಾಲಕ್ಕೆ. ಕ್ಷಮಿಸಿ.

ಭತ್ತದ ಗದ್ದೆ, ಸಿಂಧನೂರು

ನಾನು ಇನ್ನೊಂದು ಕಡೆಯವನು. ನನ್ನ ಗೆಳತಿಗೆ ನಾನು ಹೇಳಿದೆ. ಅವಳು ಇಲ್ಲ ಅಂದಳು.

ಬೇಸಿಗೆ ದಿನ. ಕಾಲುವೆಗೆ ನೀರು ನಿಲ್ಲಿಸಿದ್ದರು. ಅವಳ ಸ್ಕೂಟಿ ಕಾಲುವೆ ಏರಿಯ ಮೇಲೆ ನಿಂತಿತ್ತು. ಹೇಳುವುದೆಲ್ಲ ಹೇಳಿ ನಾನು ಒಣಗಿದ ಕಾಲುವೆಯ ತಳ ನೋಡುತ್ತಾ ನಿಂತೆ. ಒಂದು ಚಪ್ಪಲಿ ಬಿದ್ದಿತ್ತು ಅಲ್ಲಿ, ಮಗುವಿನದು. ಇವತ್ತಿಗೂ ಕಣ್ಣ ಮುಂದೆ ಅದೇ ಬರುತ್ತದೆ. ಅವಳು, "ನಿನ್ನ ಮೇಲೆ ನನಗೆ ಆ ತರ ಇಲ್ಲ. ಆದ್ರೆ ನೀನು ಹೋಗ್ಬೇಡ" ಅಂದಳು. ಎರಡು ತಿಂಗಳು ನಾನು ಹೋಗಿಬಿಟ್ಟೆ. ಫೋನ್ ಎತ್ತಲಿಲ್ಲ. ಆಮೇಲೆ ಅವಳ ತಂದೆಗೆ ಆಪರೇಷನ್ ಆಯಿತು. ರಕ್ತ ಬೇಕು ಅಂತ ಅವಳ ಮೆಸೇಜ್ ಬಂತು. ಹೋದೆ. ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ರಾತ್ರಿಯೆಲ್ಲಾ ಕೂತೆವು. ಬೆಳಗ್ಗೆ ಹೊತ್ತಿಗೆ ಮತ್ತೆ ಗೆಳೆಯರಾಗಿದ್ದೆವು.

ಅವಳ ಮದುವೆಯಲ್ಲಿ ನೀರಿನ ಕ್ಯಾನ್ ಇಳಿಸಿದ್ದು ನಾನು. ಊಟದ ಪಂಕ್ತಿ ನೋಡಿಕೊಂಡಿದ್ದು ನಾನು. ನೋವಾಗಲಿಲ್ಲ ಅಂದರೆ ಸುಳ್ಳು. ಆದರೆ ಹನ್ನೊಂದು ವರ್ಷ ಆಯಿತು. ಅವಳ ಮಗಳು ನನ್ನ ಹೆಗಲ ಮೇಲೆ ಕೂತು ಜಾತ್ರೆ ನೋಡಿದ್ದಾಳೆ. ಇದು ಸೋತ ಕಥೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಸಿನಿಮಾಗಳಲ್ಲಿ ಇಲ್ಲ ಅನ್ನಿಸಿಕೊಂಡವನು ಗಡ್ಡ ಬಿಡುತ್ತಾನೆ, ಕುಡಿಯುತ್ತಾನೆ, ಊರು ಬಿಡುತ್ತಾನೆ. ನೀರಿನ ಕ್ಯಾನ್ ಇಳಿಸಿದವನನ್ನು ಯಾರಾದರೂ ತೋರಿಸಿ.

ಕಿನ್ನಾಳ ಬಣ್ಣ, ಕೊಪ್ಪಳ

ಸಿಂಧನೂರಿನ ಅಣ್ಣನ ಕಥೆ ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ತೋರಿಸಿದ್ದಾರೆ ಅಣ್ಣ. 1997ರಲ್ಲಿ 'ಮೈ ಬೆಸ್ಟ್ ಫ್ರೆಂಡ್ಸ್ ವೆಡ್ಡಿಂಗ್' ಅಂತ ಬಂತು. ಜೂಲಿಯಾ ರಾಬರ್ಟ್ಸ್ ಇದ್ದಾರೆ. ಅವಳ ಹಳೆಯ ಗೆಳೆಯನಿಗೆ ಬೇರೆಯವಳ ಜೊತೆ ಮದುವೆ ಗೊತ್ತಾಗುತ್ತದೆ. ಆಗ ಇವಳಿಗೆ ತಾನು ಅವನನ್ನು ಪ್ರೀತಿಸುತ್ತೇನೆ ಅನ್ನಿಸುತ್ತದೆ. ಮದುವೆ ಮುರಿಯೋಕೆ ಏನೇನೋ ಮಾಡುತ್ತಾಳೆ. ಆಗುವುದಿಲ್ಲ. ಅವನು ಅವಳನ್ನೇ ಮದುವೆಯಾಗುತ್ತಾನೆ. ಇವಳು ಎದ್ದು ನಿಂತು ಇಬ್ಬರಿಗೂ ಮನಸಾರೆ ಹಾರೈಸುತ್ತಾಳೆ. ಕೊನೆಗೆ ಒಬ್ಬಳೇ ಕೂತಿರುವಾಗ ಅವಳ ಇನ್ನೊಬ್ಬ ಗೆಳೆಯ ಬಂದು ಕುಣಿಯೋಕೆ ಕರೆಯುತ್ತಾನೆ. ಅವನು ಸಲಿಂಗಿ, ಅವರಿಬ್ಬರ ನಡುವೆ ಪ್ರೇಮದ ಮಾತೇ ಇಲ್ಲ. ಬರೀ ಸ್ನೇಹ. ಕ್ಷಮಿಸಿ ರಾಯಚೂರಿನ ಅಕ್ಕ, "ಬರೀ" ತೆಗೆದೆ. ಸ್ನೇಹ.

ಆ ಕೊನೆ ಮೊದಲು ಹಾಗಿರಲಿಲ್ಲ. ಮೊದಲು ಚಿತ್ರೀಕರಿಸಿದ್ದರಲ್ಲಿ ಮದುವೆ ಮನೆಯಲ್ಲೇ ಅವಳಿಗೆ ಒಬ್ಬ ಹೊಸ ಗಂಡಸು ಸಿಗುತ್ತಾನೆ. ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿದಾಗ ಅದು ಯಾರಿಗೂ ಹಿಡಿಸಲಿಲ್ಲ. ಮತ್ತೆ ಚಿತ್ರೀಕರಿಸಿ ಗೆಳೆಯನನ್ನು ತಂದರು. ಒಂಟಿಯಾದವಳಿಗೆ ತಕ್ಷಣ ಒಬ್ಬನನ್ನು ಹುಡುಕಿ ಕೊಡುವುದು ಬೇಡ ಅಂತ ಜನರಿಗೇ ಅನ್ನಿಸಿತ್ತು.

1986ರ 'ಪ್ರಿಟಿ ಇನ್ ಪಿಂಕ್' ಇದಕ್ಕೆ ತಿರುಗಾಮುರುಗಾ. ಅದರಲ್ಲಿ ಹುಡುಗಿ ಕೊನೆಗೆ ತನ್ನ ಬಾಲ್ಯದ ಗೆಳೆಯನ ಜೊತೆ ಇರುತ್ತಾಳೆ ಅಂತ ಚಿತ್ರೀಕರಿಸಿದ್ದರು. ನೋಡಿದ ಜನ ಒಪ್ಪಲಿಲ್ಲ. ಕೊನೆ ಬದಲಾಯಿಸಿ ಶ್ರೀಮಂತ ಹುಡುಗನ ಜೊತೆ ಕಳಿಸಿದರು. ಬರೆದ ಜಾನ್ ಹ್ಯೂಸ್‌ಗೂ ನಿರ್ದೇಶಕ ಹೊವರ್ಡ್ ಡಾಯ್ಚ್‌ಗೂ ಅದು ಒಳಗೇ ಕೊರೆದಿರಬೇಕು. ಮರುವರ್ಷ, 1987ರಲ್ಲಿ, ಅದೇ ಇಬ್ಬರು ಸೇರಿ 'ಸಮ್ ಕೈಂಡ್ ಆಫ್ ವಂಡರ್‌ಫುಲ್' ಮಾಡಿದರು. ಅಲ್ಲಿ ಹುಡುಗ ಕೊನೆಗೆ ತನ್ನ ಗೆಳತಿಯನ್ನೇ ಆರಿಸಿಕೊಳ್ಳುತ್ತಾನೆ. ಒಂದು ಸಿನಿಮಾದಲ್ಲಿ ಕೈತಪ್ಪಿದ ಕೊನೆಯನ್ನು ಇನ್ನೊಂದು ಸಿನಿಮಾ ಮಾಡಿ ಪಡೆದುಕೊಂಡರು.

ಹಾಗಾಗಿ ಅಕ್ಕ, ಎರಡು ಮೂರು ಕೊನೆ ಬರೆದು, ನಾಲ್ಕು ಜನ ಹೊರಗಿನವರನ್ನು ಕೂರಿಸಿ ತೋರಿಸಿ.

ಗಂಗಾವತಿ ಅಕ್ಕಿಗಿರಣಿ

ನನ್ನ ಮಾತು ಹಳೆಯದು ಅನ್ನಿಸಬಹುದು. 'ಮುಂಗಾರು ಮಳೆ' ನೋಡಿ ನಾನು ಅತ್ತಷ್ಟು ಯಾವುದಕ್ಕೂ ಅತ್ತಿಲ್ಲ. 2006ರ ಕೊನೆಗೆ ಬಂದದ್ದು, ಇವತ್ತಿಗೂ ಮಳೆ ಬಂದರೆ ಆ ಮೊಲ ನೆನಪಾಗುತ್ತದೆ. ಹುಡುಗ ಬಿಟ್ಟುಕೊಡುತ್ತಾನೆ. ಅದರಲ್ಲಿ ಒಂದು ದೊಡ್ಡತನ ಇದೆ. ನಿಮ್ಮ ಹುಡುಗನೂ ಅವಳ ಮದುವೆ ಪತ್ರಿಕೆ ತಾನೇ ಪ್ರಿಂಟ್ ಮಾಡಿ ಕೊಟ್ಟು ಸುಮ್ಮನಾಗಲಿ. ಸಭೆ ಕರಗುತ್ತದೆ.

ಮಾವಿನಕೆರೆ ದಂಡೆ, ರಾಯಚೂರು

ನಾನೂ ಅತ್ತಿದ್ದೇನೆ ಅಣ್ಣ. ಆದರೆ ಆ ಸಿನಿಮಾದಲ್ಲಿ ಅವಳಿಗೂ ಅವನ ಮೇಲೆ ಮನಸ್ಸಾಗಿತ್ತು, ಅಲ್ವಾ? ಅವಳ ಬದುಕಿನ ತೀರ್ಮಾನ ಅವಳನ್ನು ಬಿಟ್ಟು ಅವನೇ ಮಾಡಿದ. ಸಿಂಧನೂರಿನವರು ಬಿಟ್ಟುಕೊಡಲಿಲ್ಲ ನೋಡಿ. ಅವರು ಕೇಳಿದರು, ಅವಳು ಉತ್ತರ ಕೊಟ್ಟಳು, ಅವರು ಆ ಉತ್ತರವನ್ನು ಒಪ್ಪಿಕೊಂಡರು. ತ್ಯಾಗ ಬೇರೆ, ಇದು ಬೇರೆ. ನನಗೆ ಇದು ದೊಡ್ಡದು.

ಹಳೆ ಮೇಷ್ಟ್ರು, ಸಿರುಗುಪ್ಪ

ಬಳ್ಳಾರಿಯಲ್ಲಿ ಕೂತು ಕೊನೆಯ ಬಗ್ಗೆ ತಲೆ ಕೆಡಿಸಿಕೊಂಡವರಲ್ಲಿ ನೀನು ಮೊದಲನೆಯವಳಲ್ಲ ತಂಗೀ.

ಧರ್ಮವರಂ ರಾಮಕೃಷ್ಣಾಚಾರ್ಯರು, 1853ರಿಂದ 1912ರವರೆಗೆ ಇದ್ದವರು, ಬಳ್ಳಾರಿಯಲ್ಲೇ ವಕೀಲರು. ಸರಸ ವಿನೋದಿನಿ ಸಭಾ ಕಟ್ಟಿ ತೆಲುಗಿನಲ್ಲಿ ನಾಟಕ ಆಡಿಸಿದರು. ಆಗ ನಾಟಕ ಅಂದರೆ ಮಂಗಳದಲ್ಲೇ ಮುಗಿಯಬೇಕು. ಅವರು ಮಲತಾಯಿಯ ಸುಳ್ಳು ದೂರಿಗೆ ಬಲಿಯಾದ ರಾಜಕುಮಾರ ಸಾರಂಗಧರನ ಕಥೆ ತೆಗೆದುಕೊಂಡು 'ವಿಷಾದ ಸಾರಂಗಧರ' ಅಂತ ಬರೆದರು. ತೆಲುಗಿನ ಮೊದಲ ದುರಂತ ನಾಟಕ ಅಂತ ಅದನ್ನು ಹೇಳುತ್ತಾರೆ. ದುಃಖವನ್ನು ಹೆಸರಿನಲ್ಲೇ ಇಟ್ಟುಬಿಟ್ಟರು, ಬಾಗಿಲಲ್ಲೇ ಹೇಳಿದ ಹಾಗೆ. ಅವರ ಸೋದರಳಿಯನೇ ನಾಟಕದ ನಟ ಬಳ್ಳಾರಿ ರಾಘವ. ನಮ್ಮ ರಾಘವ ಕಲಾಮಂದಿರ ಅವರ ಹೆಸರಿನದು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಅಂತ ಆ ಕಾಲಕ್ಕೇ ಒತ್ತಾಯ ಮಾಡಿದವರು.

ಇನ್ನು ನಮ್ಮ ಬಯಲಾಟ. ರಾತ್ರಿಯೆಲ್ಲಾ ಯುದ್ಧ, ಶಾಪ, ಸಾವು. ಬೆಳಗಿನ ಜಾವಕ್ಕೆ ಮಂಗಳಾರತಿ. ಸತ್ತ ಪಾತ್ರಧಾರಿಯೂ ಎದ್ದು ಬಂದು ಆರತಿಗೆ ನಿಲ್ಲುತ್ತಾನೆ. ಚಿಕ್ಕವನಿದ್ದಾಗ ನನಗೆ ಅದೇ ದೊಡ್ಡ ಸಂತೋಷ. ಅಪ್ಪನ ಹೆಗಲ ಮೇಲೆ ಅರ್ಧ ನಿದ್ದೆಯಲ್ಲಿ, ಬಣ್ಣ ಕರಗಿದ ಮುಖಗಳೆಲ್ಲ ಒಂದೇ ಸಾಲಿನಲ್ಲಿ ನಿಂತದ್ದನ್ನು ನೋಡುವುದು. ನಗೆನಾಟಕಕ್ಕೆ ಆ ಆರತಿಯ ಗುಣ ಬೇಕು. ಹೊಸಪೇಟೆ ಹುಡುಗನನ್ನೂ ಆ ಸಾಲಿಗೆ ಕರೆದು ನಿಲ್ಲಿಸುವ ಹಾಗಿರಬೇಕು. ಅವನು ತಲೆ ತಗ್ಗಿಸಿ ನಿಂತರೆ ನಿನ್ನ ಕೊನೆ ಸರಿಯಿಲ್ಲ ಅಂತ ಅರ್ಥ.

ಕಿನ್ನಾಳ ಬಣ್ಣ, ಕೊಪ್ಪಳ

ಕನ್ನಡದಲ್ಲೇ 'ಗಣೇಶನ ಮದುವೆ' ಇದೆಯಲ್ಲ, 1990ರದು. ಅನಂತನಾಗ್, ವಿನಯಾ ಪ್ರಸಾದ್. ಒಂದೇ ವಠಾರದಲ್ಲಿ ದಿನಾ ಕಿತ್ತಾಡುವವರು, ಗೊತ್ತಿಲ್ಲದೇ ಪತ್ರದಲ್ಲಿ ಒಬ್ಬರನ್ನೊಬ್ಬರು ಮೆಚ್ಚಿರುತ್ತಾರೆ. ಅಲ್ಲಿ ನೋಡುವವರಿಗೆ ಎಲ್ಲ ಮೊದಲೇ ಗೊತ್ತು, ಅವರಿಗೆ ಮಾತ್ರ ಗೊತ್ತಿಲ್ಲ. ನಿಮ್ಮ ನಾಟಕದಲ್ಲೂ ಬಯೋಡೇಟಾ ಅನ್ನುವ ಕಾಗದ ಇದೆ. ಆ ಕಾಗದವನ್ನು ಬಿಡಬೇಡಿ. ಕೊನೆಯೂ ಕಾಗದದಲ್ಲೇ ಬರಲಿ.

ಕೌಲ್‌ಬಜಾರ್ ಹುಡುಗಿ, ಬಳ್ಳಾರಿ

ಎಲ್ಲವನ್ನೂ ಎರಡೆರಡು ಸಲ ಓದಿದೆ. ರಾಯಚೂರಿನ ಅಕ್ಕ ಹೇಳಿದ್ದು ನನ್ನನ್ನು ಅಲ್ಲಾಡಿಸಿತು. ನಾನೇ ಆ ಹುಡುಗಿಯಾಗಿ ಬೆಳೆದವಳು, ಆದರೂ ಎದುರುಮನೆಯವರ ಪರವಾಗಿ ಕೊನೆ ಬರೆಯುತ್ತಿದ್ದೆ.

ಬದಲಾಯಿಸಿದ್ದು ಇಷ್ಟು. ಬಂಡಿಯ ಅಕ್ಕನಿಗೂ ಕೋರ್ಟ್ ಮುಂದೆ ಕೂರುವ ವಯಸ್ಸಾದ ಟೈಪಿಸ್ಟ್‌ಗೂ ಮೂವತ್ತು ವರ್ಷದ ಸ್ನೇಹ. ದಿನಾ ಅವರ ಡಬ್ಬಿಯ ಸಾರು ಇವಳಿಗೆ, ಇವಳ ಮೊದಲ ಮಿರ್ಚಿ ಅವರಿಗೆ. ಅದು ಕೊನೆವರೆಗೂ ಅದೇ. ಹೊಸಪೇಟೆ ಹುಡುಗನಿಗೆ ಹುಡುಗಿ ತಾನೇ ಫೋನ್ ಮಾಡಿ ಬೇಡ ಅನ್ನುತ್ತಾಳೆ. ಮದುವೆಯಾದರೆ ಕಟಿಂಗ್ ಕೆಲಸ ಬಿಡಬೇಕಾಗುತ್ತದೆ, ಅದು ಅವಳಿಗೆ ಆಗುವುದಿಲ್ಲ. ಅವನು ಸಿಟ್ಟಾಗುವುದಿಲ್ಲ. "ಮೊದಲೇ ಹೇಳಿದ್ರಲ್ಲ, ಒಳ್ಳೇದಾಯ್ತು" ಅನ್ನುತ್ತಾನೆ.

ಆಮೇಲೆ ಝೆರಾಕ್ಸ್ ಹುಡುಗ. ಅವನು ತನ್ನದೇ ಬಯೋಡೇಟಾ ಟೈಪ್ ಮಾಡಿ, ಬೇರೆ ಕಾಗದಗಳ ನಡುವೆ ಇಟ್ಟು ಅವಳ ಕೈಗೆ ಕೊಡುತ್ತಾನೆ. ಅವಳು ಓದುತ್ತಾಳೆ. ಇಲ್ಲಿವರೆಗೆ ಬಂದೆ. ಆಮೇಲೆ ಅವಳು ಏನು ಮಾಡಬೇಕು? ಅವನು ಕಾಗದ ಕೊಟ್ಟ, ಇವಳು ಹೂಂ ಅಂದಳು ಅಂದರೆ ಮತ್ತೆ ಅದೇ ಆಯಿತು. ಅವನು ಓಡಿದ, ಇವಳು ನಿಂತಳು.

ಕತ್ತರಿ ಮಾಸ್ಟರ್, 14 ವರ್ಷ

ನಾನು ನಾಟಕ ಸಿನಿಮಾ ಜಾಸ್ತಿ ನೋಡಿಲ್ಲ. ಹದಿನಾಲ್ಕು ವರ್ಷದಿಂದ ಬಳ್ಳಾರಿಯಲ್ಲೇ ಜೀನ್ಸ್ ಕಟಿಂಗ್ ಮಾಡುತ್ತೇನೆ. ನಿಮ್ಮ ಹುಡುಗಿ ನನ್ನ ಕೆಲಸದವಳು ಅಂತ ಓದುತ್ತಾ ಬಂದೆ.

ನಮ್ಮ ಕೆಲಸ ಏನು ಅಂತ ಹೇಳುತ್ತೇನೆ. ಉದ್ದನೆಯ ಟೇಬಲ್ ಮೇಲೆ ಬಟ್ಟೆ ಪದರ ಪದರವಾಗಿ ಹಾಸುತ್ತೇವೆ. ಮೇಲೆ ಅಳತೆಯ ಕಾಗದ ಇಟ್ಟು ಮಷಿನ್ ಓಡಿಸುತ್ತೇವೆ. ಒಂದು ನೂಲು ಆಚೀಚೆ ಆದರೆ ಕೆಳಗಿನ ಪದರದವರೆಗೂ ತಪ್ಪು ಹೋಗುತ್ತದೆ. ಸಂಜೆ ಹೊತ್ತಿಗೆ ಬೆರಳೆಲ್ಲ ನೀಲಿ, ಸೋಪು ಹಾಕಿದರೂ ಉಗುರಿನ ಸಂದಿಯ ನೀಲಿ ಹೋಗುವುದಿಲ್ಲ. ಮಿರ್ಚಿ ತಿನ್ನುವಾಗ ಆ ಬೆರಳು ತೋರಿಸಿ. ಹತ್ತು ವರ್ಷ ಈ ಕೆಲಸ ಮಾಡಿದವರಿಗೆ ಟೇಪು ಬೇಡ. ಎದುರಿಗೆ ನಿಂತವರ ಸೊಂಟ, ಕಾಲಿನ ಉದ್ದ ಕಣ್ಣಿಗೇ ಗೊತ್ತಾಗುತ್ತದೆ.

ಬಯೋಡೇಟಾದಲ್ಲಿ ಹುಡುಗರು ಎತ್ತರ ಹೆಚ್ಚು ಬರೆಸುತ್ತಾರೆ, ಅಲ್ವಾ? ಅವನೂ 5 ಅಡಿ 9 ಇಂಚು ಅಂತ ಟೈಪ್ ಮಾಡಿರಲಿ. ಅವಳು ಅವನಿಗೆ ಪಿಯುಸಿಯಿಂದ ಪ್ಯಾಂಟ್ ಹೊಲಿದು ಕೊಟ್ಟಿದ್ದಾಳೆ. ಒಳಗಾಲಿನ ಉದ್ದ 29 ಇಂಚು ಇರುವವನು 5 ಅಡಿ 9 ಹೇಗಾಗುತ್ತಾನೆ? ಅವಳು ಅದನ್ನು ತಿದ್ದಲಿ.

ಮಾವಿನಕೆರೆ ದಂಡೆ, ರಾಯಚೂರು

ಹೌದು! ಇದೇ. ಅವನ ಕಾಗದದಲ್ಲಿ ಅವಳ ಕೈಬರಹ. ಅವಳೂ ಅಷ್ಟು ವರ್ಷ ಅವನನ್ನು ನೋಡಿದ್ದಾಳೆ ಅಂತ ಆಗ ಗೊತ್ತಾಗುತ್ತದೆ. ಪ್ರೀತಿಸುತ್ತೇನೆ ಅನ್ನುವ ಮಾತು ಇಬ್ಬರಲ್ಲಿ ಯಾರೂ ಆಡುವುದು ಬೇಡ.

ಹಳೆ ಮೇಷ್ಟ್ರು, ಸಿರುಗುಪ್ಪ

ಮೊದಲ ದೃಶ್ಯದಲ್ಲೇ ಅವಳು ಬೇರೆ ಗಂಡುಗಳ ಬಯೋಡೇಟಾದ ಎತ್ತರ ನೋಡಿ "ಸುಳ್ಳು, ಎರಡು ಇಂಚು ಕಮ್ಮಿ" ಅಂತ ನಗಬೇಕು. ಸಭೆ ನಕ್ಕು ಮರೆತಿರಲಿ. ಕೊನೆಗೆ ಅದೇ ಕೆಲಸ ಬರಲಿ, ನಗುವಿಲ್ಲದೆ.

ಕೌಲ್‌ಬಜಾರ್ ಹುಡುಗಿ, ಬಳ್ಳಾರಿ

ನಿನ್ನೆ ಸಂಜೆ ಮಾಡಿ ನೋಡಿದೆವು. ಕೊಪ್ಪಳದವರು ಹೇಳಿದ ಹಾಗೆ ಹೊರಗಿನ ಆರು ಜನರನ್ನು ಕೂರಿಸಿದ್ದೆವು. ಅದರಲ್ಲಿ ನನ್ನ ಅಮ್ಮ ಒಬ್ಬರು.

ಹುಡುಗ ಕಾಗದ ಕೊಟ್ಟು ಮಷಿನ್ ಕಡೆ ತಿರುಗಿ ನಿಂತ. ಬೇಡದಿದ್ದರೂ ಒಂದು ಖಾಲಿ ಹಾಳೆ ಝೆರಾಕ್ಸ್ ಹಾಕಿದ. ಹಸಿರು ಬೆಳಕು ಅವನ ಮುಖದ ಮೇಲೆ ಹಾದುಹೋಯಿತು. ಇದು ನಾನು ಬರೆದದ್ದಲ್ಲ, ಅವನೇ ಮಾಡಿದ್ದು. ಅವಳು ಕಾಗದ ಪೂರ್ತಿ ಓದಿದಳು. ಪೆನ್ನು ತೆಗೆದು 9 ಹೊಡೆದು 5 ಬರೆದಳು. ಅವನ ಮುಂದೆ ಇಟ್ಟಳು. ಅವನು ನೋಡಿದ. "ಇನ್ನೊಂದು ಪ್ರಿಂಟ್ ತೆಗಿ. ಅಮ್ಮನಿಗೆ ತೋರಿಸ್ಬೇಕು" ಅಂದಳು. ಹತ್ತಿಪ್ಪತ್ತು ಸೆಕೆಂಡ್ ಯಾರೂ ಮಾತಾಡಲಿಲ್ಲ. ಆಮೇಲೆ ಇಬ್ಬರೂ ಬಂಡಿಗೆ ಹೋದರು. ಟೈಪಿಸ್ಟ್ ಅಲ್ಲಿ ಡಬ್ಬಿ ತೆರೆದು ಕೂತಿದ್ದರು. ಅವಳು ಮಿರ್ಚಿಯ ತುದಿ ಮುರಿದು ದಿನದ ಹಾಗೆಯೇ ಅವನ ಪೇಪರ್ ಮೇಲೆ ಇಟ್ಟಳು. ದೀಪ ಆರಿತು.

ಅಮ್ಮ ಏನೂ ಹೇಳಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ, "ಆ ಟೈಪಿಸ್ಟ್ ಮತ್ತೆ ಆ ಬಂಡಿ ಹೆಂಗಸು, ಅವರದ್ದು ಚೆನ್ನಾಗಿತ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, ನನ್ನ ಕಾಲೇಜಿನ ಗೆಳೆಯನೊಬ್ಬನ ಹೆಸರು ಹೇಳಿ, ಅವನು ಈಗ ಎಲ್ಲಿದ್ದಾನೆ ಅಂತ ಕೇಳಿದರು. ಆ ಹೆಸರು ನಮ್ಮ ಮನೆಯಲ್ಲಿ ಆರು ವರ್ಷದಿಂದ ಬಂದಿರಲಿಲ್ಲ.

ಸಿಂಧನೂರಿನ ಅಣ್ಣ, ನಿಮ್ಮ ನೀರಿನ ಕ್ಯಾನ್‌ಗೆ ಈ ನಾಟಕದಲ್ಲಿ ಜಾಗ ಸಿಗಲಿಲ್ಲ. ಅದಕ್ಕೆ ಬೇರೆ ನಾಟಕವೇ ಬೇಕು. ನೀವು ಒಪ್ಪಿದರೆ ಮುಂದಿನದು ಅದೇ.

ಒಂದೇ ಜಗಳ ಉಳಿದಿದೆ. ಪೆನ್ನು ಯಾವ ಬಣ್ಣದ್ದು ಇರಬೇಕು ಅಂತ. ನೀಲಿ ಹಿಂದಿನ ಸಾಲಿಗೆ ಕಾಣುವುದಿಲ್ಲ, ಕೆಂಪು ಹಿಡಿದರೆ ಟೀಚರ್ ತರ ಕಾಣುತ್ತಾಳೆ.

ಭತ್ತದ ಗದ್ದೆ, ಸಿಂಧನೂರು

ಬರೆಯಿರಿ ತಂಗೀ. ಅವಳನ್ನು ಕೇಳಿದೆ. ಅವಳೂ ಒಪ್ಪಿದಳು.

ಕತ್ತರಿ ಮಾಸ್ಟರ್, 14 ವರ್ಷ

ಪೆನ್ನು ಯಾಕೆ? ಕಟಿಂಗ್ ಟೇಬಲ್‌ನವರ ಜೇಬಿನಲ್ಲಿ ಯಾವಾಗಲೂ ಚಾಕ್ ತುಂಡು ಇರುತ್ತದೆ. ನೀಲಿ ಬಟ್ಟೆಗೆ ಬಿಳಿ ಚಾಕ್, ಬಿಳಿ ಬಟ್ಟೆಗೆ ಕೆಂಪು ಚಾಕ್. ಕಾಗದ ಬಿಳಿ ಇದೆಯಲ್ಲ, ಕೆಂಪು ಚಾಕ್ ಕೊಡಿ. ದಪ್ಪ ಗೆರೆ ಬರುತ್ತದೆ, ಕೊನೆಯ ಸಾಲಿಗೂ ಕಾಣುತ್ತದೆ. ನನ್ನ ಹತ್ತಿರ ಒಂದು ಡಬ್ಬಿ ಇದೆ. ರಿಹರ್ಸಲ್ ಎಲ್ಲಿ ಅಂತ ಹೇಳಿ, ತಂದುಕೊಡುತ್ತೇನೆ.